ತಬ್ಬಲಿ ಜ್ವಾಲೆ

ಫೆಬ್ರವರಿ ೩, ಸೋಮವಾರ

ಬೆಳಿಗ್ಗೆ ಬೆಳಿಗ್ಗೆನೇ ತಲೆ ಕೆಡಿಸಿದರು. ನಮ್ಮ ವಿಭಾಗದ ಮುಖ್ಯಸ್ಥರು, ಅಂದರೆ ನಾನು ಮನಸ್ಸಿನಲ್ಲಿ ಶಾಂತಮೂರ್ತಿ ಅಂತ ಕರೆಯೋ ಮಹಾನುಭಾವರು, ನನ್ನ ಕೋಣೆಯ ಬಾಗಿಲಿಗೆ ಒರಗಿ ನಿಂತು, "ಕಾಯಂ ಹುದ್ದೆಗೆ ಇಪ್ಪತ್ತೈದನೇ ತಾರೀಕು ಸಂದರ್ಶನ. ಹೇಳಿಕೊಳ್ಳೋವಂಥದ್ದು ಏನಾದ್ರೂ ಇದ್ಯಾ ನಿಮ್ಮ ಹತ್ರ?" ಅಂದರು. ಹನ್ನೊಂದು ವರ್ಷ ಗುತ್ತಿಗೆಯ ಮೇಲೆ ಗೇದಿದ್ದೀನಿ. ಅದು ಹೇಳಿಕೊಳ್ಳೋವಂಥದ್ದಲ್ಲ ಅಂತಾಯ್ತು. ಇರೋದು ಒಂದೇ ಹುದ್ದೆ. ಇದು ಸಿಗದಿದ್ದರೆ ಜೂನ್‌ಗೆ ನನ್ನ ಗುತ್ತಿಗೆ ಮುಗಿಯುತ್ತೆ, ಇನ್ನು ಮುಂದೆ ಎಳೆಯೋಕೆ ನಿಯಮವಿಲ್ಲ. ಮನೆಗೆ ಹೋಗು ಅನ್ನೋದನ್ನ ಇಷ್ಟು ಮೆತ್ತಗೆ ಹೇಳೋಕೆ ಅವರೊಬ್ಬರಿಗೇ ಬರೋದು.

ನನ್ನ ಹತ್ರ ಏನಿದೆ? ಒಂದು ಬ್ಲೇಜಾರ್ ಇದೆ. ಎಲ್ಲೋ ಕೋಟ್ಯಂತರ ಜ್ಯೋತಿರ್ವರ್ಷ ದೂರದ ಗೆಲಾಕ್ಸಿ, ಅದರ ನಡುವೆ ದೈತ್ಯ ಕಪ್ಪುಕುಳಿ, ಅಲ್ಲಿಂದ ಚಿಮ್ಮೋ ಕಣಗಳ ಧಾರೆ ನೇರ ನಮ್ಮ ಮುಖಕ್ಕೇ ಟಾರ್ಚ್ ಬಿಟ್ಟ ಹಾಗೆ. ಇಂಥವು ಆಗಾಗ ಸಿಡಿಯುತ್ತವೆ. ರೇಡಿಯೋ ಅಲೆಯಿಂದ ಗಾಮಾ ಕಿರಣದ ತನಕ ಎಲ್ಲ ಬಗೆಯ ಬೆಳಕೂ ಏರುತ್ತೆ. ಅದಕ್ಕೆ ಜ್ವಾಲೆ ಅಂತೀವಿ. ನಂದು ಕಣ್ಣಿಗೆ ಕಾಣೋ ಬೆಳಕಿನ ಪಾಲು. ಬೆಟ್ಟದ ಮೇಲಿನ ಟೆಲಿಸ್ಕೋಪಿನಲ್ಲಿ ಆಪರೇಟರ್ ರಾತ್ರಿ ಚಿತ್ರ ತೆಗೆದು ಕಳಿಸ್ತಾನೆ, ಹಗಲು ಇಲ್ಲಿ ಕೂತು ನಾನು ಅಳೀತೀನಿ. ನನ್ನ ಬ್ಲೇಜಾರಿಗೆ ಸಿಡುಕ ಅಂತ ಹೆಸರಿಟ್ಟು ಎಂಟು ವರ್ಷವಾಯಿತು. ಹೆಸರಿಟ್ಟಿದ್ದೇ ಬಂತು, ಒಂದು ಸಲಾನೂ ಸಿಡಿದಿಲ್ಲ.

ಇದರ ಮೇಲೆ ಹೊಸ ಕ್ಯಾಮೆರಾ ಬೇರೆ. ಶಾಂತಮೂರ್ತಿಗಳು ಹಟ ಹಿಡಿದು ತರಿಸಿದ್ದು. ಚಿತ್ರವೇನೋ ಚೂಪು, ಆದರೆ ಕಾಣೋ ಆಕಾಶದ ತುಂಡು ಚಿಕ್ಕದು. ಬ್ಲೇಜಾರ್ ಎಷ್ಟು ಬೆಳಗ್ತಿದೆ ಅಂತ ಹೇಳೋದು ಪಕ್ಕದಲ್ಲಿರೋ ಸ್ಥಿರವಾದ ನಕ್ಷತ್ರದ ಜತೆ ಹೋಲಿಸಿ. ತೆಳ್ಳಗೆ ಮೋಡ ಬಂದರೂ ಎರಡೂ ಒಂದೇ ಥರ ಮಂಕಾಗೋದರಿಂದ ಲೆಕ್ಕ ಕೆಡಲ್ಲ. ಇಷ್ಟು ವರ್ಷ ಎರಡು ಹೋಲಿಕೆ ನಕ್ಷತ್ರ ಇಟ್ಟುಕೊಂಡಿದ್ದೆ, ಒಂದಕ್ಕೊಂದು ಕಾವಲು ಇರಲಿ ಅಂತ. ಈಗ ಒಂದು ಚಿತ್ರದಿಂದಾಚೆ ಬಿತ್ತು. ಉಳಿದವನು ಸಂಭಾವಿತ ಒಬ್ಬನೇ. ಇದೂ ನಾನಿಟ್ಟ ಹೆಸರೇ, ಎಂಟು ವರ್ಷದಲ್ಲಿ ಕೂದಲೆಳೆಯಷ್ಟೂ ಅಲುಗಾಡದ ನಕ್ಷತ್ರ ಅದು. "ಒಂದು ಸಾಕಲ್ವೇನ್ರಿ?" ಅಂದರು ಶಾಂತಮೂರ್ತಿ. ಸಾಕಂತೆ! ಅವರಿಗೆ ಎರಡು ಕುರ್ಚಿ ಬೇಕು, ಒಂದು ಕೂರೋಕೆ, ಒಂದು ಕಾಲು ಚಾಚೋಕೆ.

ಸಂಜೆ ಬಂದರೆ ಲಿಫ್ಟ್ ಕೆಟ್ಟಿತ್ತು. ಏದುಸಿರು ಬಿಟ್ಟುಕೊಂಡು ಮೇಲೆ ಹತ್ತಿದರೆ ಅಮ್ಮ ಫೋನಿನಲ್ಲಿ ಮಹಾರಾಣಿಯ ಜತೆ ನಗ್ತಿದ್ದಳು. ಮಹಾರಾಣಿ ಅಂದರೆ ನನ್ನ ತಂಗಿ. ನನ್ನದೇ ವಿಷಯ, ನನಗಿಂತ ನಾಲ್ಕು ವರ್ಷ ಚಿಕ್ಕವಳು, ಬೇರೆ ಊರಿನ ದೊಡ್ಡ ಸಂಸ್ಥೆಯಲ್ಲಿ ಗಾಮಾ ಕಿರಣ, ಎಕ್ಸ್-ರೇ ಅಂತ ಉಪಗ್ರಹಗಳನ್ನೇ ಆಡಿಸೋಳು. ಮೂವತ್ತಕ್ಕೇ ಕಾಯಂ ಆದಳು. "ಅಕ್ಕನಿಗೆ ಕೊಡ್ಲಾ?" ಅಂತ ಅಮ್ಮ ಕೇಳಿದಳು. ತಲೆನೋವು ಅಂತ ಹೇಳು ಅಂದೆ.

ಫೆಬ್ರವರಿ ೬, ಗುರುವಾರ

ಸಿಡುಕ ಸಿಡಿದ!

ಮೂರು ಸಲ ಅಳೆದೆ. ಮೊನ್ನೆಗಿಂತ ಒಂದೂವರೆ ಪಟ್ಟು ಬೆಳಗ್ತಿದ್ದಾನೆ. ನಿನ್ನೆಯೇ ಏರು ಶುರುವಾಗಿದೆ. ಬೆಟ್ಟಕ್ಕೆ ಫೋನ್ ಮಾಡಿ ಆಪರೇಟರನ್ನ ಎಬ್ಬಿಸಿದೆ. "ಮೇಡಂ, ಈಗ ತಾನೇ ಕಣ್ಣು ಮುಚ್ಚಿದ್ದೆ" ಅಂದ. ಮುಚ್ಚಬೇಡಪ್ಪಾ, ಇನ್ನೊಂದು ವಾರ ಮುಚ್ಚಬೇಡ.

ಫೆಬ್ರವರಿ ೭, ಶುಕ್ರವಾರ

ಬೆಳಿಗ್ಗೆ ಜಗತ್ತಿಗೆಲ್ಲ ಎಚ್ಚರಿಕೆ ಸಂದೇಶ ಕಳಿಸಿದೆ. ಇಂಥ ಬ್ಲೇಜಾರ್ ಸಿಡಿದಿದೆ, ಟೆಲಿಸ್ಕೋಪ್ ಇರೋರು ತಿರುಗಿಸಿ ನೋಡಿ ಅಂತ ನಾವು ಹಾಕೋ ಡಂಗುರ. ಕೆಳಗೆ ನನ್ನೊಬ್ಬಳದೇ ಹೆಸರು. ಶಾಂತಮೂರ್ತಿಗಳು, "ಸಂಸ್ಥೆಯ ಪರವಾಗಿ ನನ್ನದೂ ಒಂದು ಇರಬಹುದಿತ್ತು" ಅಂತ ಗೊಣಗಿದರು. ಇರಬಹುದಿತ್ತು, ನಾನು ಹಾಕಲಿಲ್ಲ.

ಮಧ್ಯಾಹ್ನ ಮಹಾರಾಣಿಯ ಫೋನ್. "ಅಕ್ಕ, ಗಾಮಾದಲ್ಲಿ ನೋಡ್ದೆ. ಏನೂ ಇಲ್ಲ. ಸುಮ್ನೆ ಮಲಗಿದೆ ಅದು." ಎಷ್ಟು ಖುಷಿಯಿಂದ ಹೇಳಿದಳು ಅಂತೀನಿ! ಮೈ ಉರಿದುಹೋಯಿತು. ಫೋನ್ ಇಟ್ಟು ಒಂದು ಲೋಟ ನೀರು ಕುಡಿದ ಮೇಲೆ ಹೊಳೆಯಿತು. ಗಾಮಾದಲ್ಲಿ ಇಲ್ಲದೆ ಬರೀ ಕಣ್ಣಿಗೆ ಕಾಣೋ ಬೆಳಕಿನಲ್ಲಿ ಸಿಡಿದರೆ ಅದು ತಬ್ಬಲಿ ಜ್ವಾಲೆ, ಜತೆಗಾರರಿಲ್ಲದ ಜ್ವಾಲೆ. ಅಪರೂಪದಲ್ಲಿ ಅಪರೂಪ. ಅದು ಯಾಕೆ ಹಾಗಾಗುತ್ತೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅವಳು ಮೂಗು ಮುರಿಯೋಕೆ ಹೋಗಿ ನನಗೆ ಉಪಕಾರ ಮಾಡಿದಳು. ಬಡ್ಕೋ ಈಗ.

ಫೆಬ್ರವರಿ ೧೨, ಬುಧವಾರ

ಎಕ್ಸ್-ರೇ ಉಪಗ್ರಹವೂ ಸಿಡುಕನ ಕಡೆ ತಿರುಗಿ ನೋಡಿತಂತೆ. ಅಲ್ಲೂ ಏನೂ ಇಲ್ಲ. ತಬ್ಬಲಿಯೇ ತಬ್ಬಲಿ. ಹುದ್ದೆ ನಿಮ್ಮದೇ ಅಂದುಕೊಳ್ಳಿ ಅನ್ನೋ ಹಾಗೆ ಶಾಂತಮೂರ್ತಿಗಳು ಬೆನ್ನು ತಟ್ಟಿ, ಅವರ ಕೋಣೆಯ ಒಳ್ಳೆ ಲೋಟದಲ್ಲಿ ಟೀ ಕೊಟ್ಟರು. ಹನ್ನೊಂದು ವರ್ಷದಲ್ಲಿ ಆ ಲೋಟ ಇವತ್ತೇ ನೋಡಿದ್ದು.

ಆದರೆ ಉಪಗ್ರಹ ತಿರುಗಿಸೋಕೆ ಕೋರಿಕೆ ಹಾಕಿದ್ದು ಯಾರು? ಮಹಾರಾಣಿಯ ಗುಂಪು! ನನ್ನ ಜ್ವಾಲೆಯಲ್ಲಿ ಪಾಲು ಬೇಕಲ್ಲ ಅವಳಿಗೆ. ನಾಳೆ ಪ್ರಬಂಧ ಬರೆಯುವಾಗ ಹೆಸರು ಹಾಕು ಅಂತ ಬರ್ತಾಳೆ, ಜನ ಅವಳ ಹೆಸರನ್ನೇ ಓದ್ತಾರೆ. ಚಿಕ್ಕವಳಿದ್ದಾಗ ನನ್ನ ಬಣ್ಣದ ಪೆನ್ಸಿಲ್ ಡಬ್ಬಿಯಲ್ಲೂ ಹೀಗೇ ಕೈ ಹಾಕ್ತಿದ್ದಳು. "ಪಾಪ, ಪುಟ್ಟಿ ಚಿಕ್ಕದು, ಕೊಡು" ಅಂತ ಅಮ್ಮ. ಈಗೇನು ಚಿಕ್ಕದಾ ಅದು?

ಫೆಬ್ರವರಿ ೧೫, ಶನಿವಾರ

ಸಿಟ್ಟಿಗೆ ಅಕ್ಷರ ಸೊಟ್ಟ ಬರ್ತಿದೆ. ಬರಲಿ.

ಊಟಕ್ಕೆ ಕೂತಿದ್ದೆ, ಫೋನ್ ಬಂತು.

"ಅಕ್ಕ, ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡ."

"ಕೇಳು."

"ಹೋಲಿಕೆ ನಕ್ಷತ್ರ ಯಾವುದು ತಗೊಂಡಿದ್ದೆ? ಒಂದೇನಾ, ಎರಡಾ?"

ಕೈಯಲ್ಲಿದ್ದ ತುತ್ತು ತಟ್ಟೆಗೆ ವಾಪಸ್ ಹಾಕಿದೆ. ನಾನು! ಎಂಟು ವರ್ಷ ಆ ಆಕಾಶದ ತುಂಡನ್ನು ನನ್ನ ಅಂಗೈಗಿಂತ ಚೆನ್ನಾಗಿ ಬಲ್ಲ ನಾನು! ಮೊದಲ ವರ್ಷದ ಹುಡುಗರಿಗೆ ಕೇಳೋ ಪ್ರಶ್ನೆ ನನಗೆ!

"ಯಾಕಮ್ಮಾ, ನನಗೆ ಅಳೆಯೋಕೆ ಬರಲ್ಲ ಅಂತಲಾ?"

"ಅಯ್ಯೋ ಅಲ್ಲ ಅಕ್ಕ, ಬೇರೆ ಯಾರೂ ಇನ್ನೂ ಅಳೆದಿಲ್ಲ ಅಂತ ಇಲ್ಲಿ ಕೇಳ್ತಿದ್ದಾರೆ, ಅದಕ್ಕೆ..."

"ಕೇಳೋರಿಗೆ ಹೇಳು, ನಿನಗಿಂತ ಮುಂಚೆ ನಕ್ಷತ್ರ ನೋಡೋಕೆ ಶುರುಮಾಡಿದೋಳು ನಾನು ಅಂತ." ಅಷ್ಟು ಹೇಳಿ ಫೋನ್ ಕುಕ್ಕಿದೆ.

ಅಮ್ಮ ಚಮಚ ಕೆಳಗಿಟ್ಟು, "ಮೂಗಿನ ತುದಿಯಲ್ಲೇ ಇಟ್ಕೊಂಡಿರ್ತೀಯಲ್ಲೇ ಕೋಪಾನ. ಏನಂದಳು ಪಾಪ?" ಅಂದಳು. ಪಾಪ ಅಂತೆ. ಈ ಮನೆಯಲ್ಲಿ ಆ ಪದವನ್ನ ಅವಳ ಹೆಸರಿಗೇ ಬರೆದುಕೊಟ್ಟಾಗಿದೆ. ಹುಟ್ಟಿದಾಗಿಂದ ಇದೇ ಹಾಡು. ಅತ್ತೆ ಬಂದರೆ ಇಬ್ಬರನ್ನೂ ಗೋಡೆಗೆ ನಿಲ್ಲಿಸಿ ಯಾರು ಉದ್ದ ನೋಡೋರು. ಚಿಕ್ಕಪ್ಪ ಬಂದರೆ ಯಾರ ಅಂಕ ಎಷ್ಟು. ಅವಳನ್ನು ಪಕ್ಕಕ್ಕಿಟ್ಟು ನೋಡದೆ ನನ್ನನ್ನು ಯಾರಾದರೂ ಒಂದು ಸಲ ನೋಡಿದ್ದಾರಾ? ಈಗ ನನ್ನದು ಅಂತ ಒಂದೇ ಒಂದು ಸಿಕ್ಕಿದೆ, ಅದಕ್ಕೂ ಇವಳ ಕಣ್ಣು.

ಫೆಬ್ರವರಿ ೧೬, ಭಾನುವಾರ

ಎರಡು ಸಲ ಫೋನ್ ಮಾಡಿದಳು. ತೆಗೆಯಲಿಲ್ಲ.

ಫೆಬ್ರವರಿ ೧೯, ಬುಧವಾರ

ಅವಳ ಬಾಯಿ ಮುಚ್ಚಿಸೋಕೆ ಅಂತಲೇ ಇವತ್ತು ಕೂತೆ. ಚಿತ್ರದ ಮೂಲೆಮೂಲೆಯಲ್ಲಿ ಮಿಣುಕೋ ಏಳೆಂಟು ಸಣ್ಣ ನಕ್ಷತ್ರಗಳಿವೆ. ಅವುಗಳ ಜತೆ ಹೋಲಿಸಿ ಸಿಡುಕನ ಏರಿಕೆ ತೋರಿಸಿ, ನಕ್ಷೆಯನ್ನ ಅವಳ ಮುಖಕ್ಕೆ ಎಸೆಯೋಣ ಅಂತ.

ಸಿಡುಕ ಏರಿಲ್ಲ.

ಒಂದನ್ನು ಬಿಟ್ಟು ಇನ್ನೊಂದರ ಜತೆ ಹೋಲಿಸಿದೆ. ಸಿಡುಕ ಎಂಟು ವರ್ಷ ಹೇಗಿದ್ದನೋ ಹಾಗೇ ಇದ್ದಾನೆ. ಆಮೇಲೆ ಸಂಭಾವಿತನನ್ನು ಅದೇ ಸಣ್ಣವುಗಳ ಜತೆ ಹೋಲಿಸಿದೆ. ಐದನೇ ತಾರೀಕಿಂದ ಅವನು ಮಂಕು. ಮೊನ್ನೆಯಿಂದ ಮೆಲ್ಲಗೆ ಮತ್ತೆ ಮೇಲೆ ಬರ್ತಿದ್ದಾನೆ. ಅವನ ಮುಂದೆ ಏನೋ ಹಾದುಹೋಗಿದೆ, ಜತೆಯ ನಕ್ಷತ್ರವೋ, ದೂಳಿನ ಮೋಡವೋ. ಎಂಟು ವರ್ಷ ಸುಮ್ಮನಿದ್ದು ಈ ವಾರವೇ ಆಗಬೇಕಿತ್ತಾ ಅವನಿಗೆ! ಅಳತೆಗೋಲು ಕುಗ್ಗಿದ್ದಕ್ಕೆ ಬಟ್ಟೆ ಉದ್ದವಾಯಿತು ಅಂತ ಊರಿಗೆಲ್ಲ ಡಂಗುರ ಹೊಡೆದಿದ್ದೀನಿ. ಎರಡನೇ ನಕ್ಷತ್ರ ಇದ್ದಿದ್ದರೆ ಒಂದು ನಿಮಿಷದಲ್ಲಿ ಸಿಕ್ಕಿಬೀಳೋ ತಪ್ಪು. ಹಾಳು ಕ್ಯಾಮೆರಾ. ಹಾಳು ಶಾಂತಮೂರ್ತಿ. ಈ ಏಳೆಂಟನ್ನು ಅವತ್ತೇ ನೋಡೋಕೆ ನನಗೇನು ಧಾಡಿಯಾಗಿತ್ತು?

ಟಾಯ್ಲೆಟ್ಟಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಗೋಡೆಗೆ ಗುದ್ದಿದೆ. ಕೈ ಊದಿದೆ.

ಫೆಬ್ರವರಿ ೨೦, ಗುರುವಾರ

ಯೋಚನೆ ಮಾಡಿದೆ. ಹೇಳಲ್ಲ. ಈಗ ಹೇಳಲ್ಲ. ಸಂದರ್ಶನ ಮುಗೀಲಿ, ಹುದ್ದೆ ಕೈಗೆ ಬರಲಿ, ಆಮೇಲೆ ಮರುಪರಿಶೀಲನೆಯಲ್ಲಿ ಕಂಡುಬಂತು ಅಂತ ನಾಲ್ಕು ಸಾಲು ಬರೆದರಾಯಿತು. ಎಷ್ಟು ಜನ ಹೀಗೆ ಮಾಡಿಲ್ಲ? ಇದರಿಂದ ಯಾರ ಮನೆ ಮುಳುಗುತ್ತೆ? ಸಿಡುಕನಿಗೇನು ನಷ್ಟ? ಹನ್ನೊಂದು ವರ್ಷ ಸರಿಯಾಗಿ ಅಳೆದಾಗ ಒಂದು ನಾಯಿಯೂ ಮೂಸಿ ನೋಡಲಿಲ್ಲ. ತಪ್ಪಾಗಿ ಅಳೆದಾಗ ಟೀ ಕೊಟ್ಟರು. ಹಾಗಿದ್ದಮೇಲೆ ಅನುಭವಿಸಲಿ.

ಮಹಾರಾಣಿಯ ಫೋನ್ ಬಂದಿತ್ತು. ತೆಗೆಯೋ ಮಾತೇ ಇಲ್ಲ.

ಫೆಬ್ರವರಿ ೨೨, ಶನಿವಾರ

ಅಮ್ಮ ಮಂಚದ ಮೇಲೆ ಒಗೆದ ಬಟ್ಟೆ ಮಡಚ್ತಾ, ನನ್ನ ಕಡೆ ನೋಡದೆ, "ಪಾಪ, ಅವಳ ಜೀವ ತಿಂತಿದ್ದಾರಂತೆ ಆ ಕಮಿಟಿಯೋರು" ಅಂದಳು.

"ಯಾವ ಕಮಿಟಿ?"

"ಅದೇ, ನಿನಗೋಸ್ಕರ ಆ ಉಪಗ್ರಹ ತಿರುಗಿಸಿದ್ಳಲ್ಲ, ಯಾಕೆ ತಿರುಗಿಸಿದೆ ಅಂತ ಲೆಕ್ಕ ಕೇಳೋರು. ಅವಳಿಗೆ ವರ್ಷಕ್ಕೆ ಒಂದೇ ಸಲ ಅಂತೆ ಆ ಹಕ್ಕು. ಅವಳು ಕಾಯ್ತಾ ಇದ್ದದ್ದು ಯಾವುದೋ ಅದೇ ವಾರ ಸಿಡೀತಂತೆ, ಇನ್ನೊಂದು ಸಲ ತಿರುಗಿಸೋಕೆ ಬಿಡಲಿಲ್ಲವಂತೆ. ಅತ್ತಳು ಕಣೇ. ನಿನಗೆ ಹೇಳ್ಲಿಲ್ವಾ?"

"ಇಲ್ಲ."

"ಹೆಂಗೆ ಹೇಳ್ತಾಳೆ, ನೀನು ಫೋನ್ ತೆಗೆದರೆ ತಾನೇ?"

ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಫೋನ್ ಮಾಡಿದೆ. ಹಲೋ ಕೂಡ ಅನ್ನಲಿಲ್ಲ.

"ಯಾಕೇ ತಿರುಗಿಸಿದೆ?"

"ಯಾಕೆ ಅಂದ್ರೆ? ಜ್ವಾಲೆ ಬಂದಿದೆ ಅಂದ್ಯಲ್ಲ ನೀನು."

"ಗಾಮಾದಲ್ಲಿ ಏನೂ ಇಲ್ಲ ಅಂತ ನೀನೇ ನೋಡಿದ್ದೆ. ಅನುಮಾನ ಬರಬಾರದಾ? ಒಂದು ಸಲ ಚೆಕ್ ಮಾಡಬಾರದಾ?"

"ನೀನು ಹೇಳಿದ ಮೇಲೆ ಚೆಕ್ ಏನು ಮಾಡೋದು ಅಕ್ಕ?"

ಕತ್ತೆ. ಇಷ್ಟು ಓದಿ, ಇಷ್ಟು ದೊಡ್ಡ ಕುರ್ಚಿಯಲ್ಲಿ ಕೂತು, ಅಕ್ಕ ಹೇಳಿದಳು ಅಂತ ವರ್ಷದ ಒಂದೇ ಸರದಿಯನ್ನ ಕಳೆದುಕೊಳ್ಳೋ ಕತ್ತೆ! ನಾಲ್ಕು ವರ್ಷದಿಂದ ಕಾಯ್ತಿದ್ದಳು ಆ ಬ್ಲೇಜಾರಿಗೆ, ನನಗೆ ಗೊತ್ತು.

"ಏನೂ ಸಿಡಿದಿಲ್ಲ ಕಣೇ," ಅಂದೆ. "ನನ್ನ ಹೋಲಿಕೆ ನಕ್ಷತ್ರ ಮಂಕಾಗಿತ್ತು. ಒಂದೇ ಇಟ್ಟುಕೊಂಡಿದ್ದೆ."

"ಯಾವಾಗ ಗೊತ್ತಾಯ್ತು?"

"ಬುಧವಾರ."

"ನಿನ್ನೆ ಕಮಿಟಿ ಮುಂದೆ ನಿಂತು ವಾದ ಮಾಡ್ದೆ ಅಕ್ಕ. ಅವಳ ಅಳತೆ ತಪ್ಪಾಗಲ್ಲ, ಬರೆದಿಟ್ಕೊಳ್ಳಿ ಅಂದೆ."

"ಬೈಯೇ," ಅಂದೆ. "ಬಾಯಿಗೆ ಬಂದಿದ್ದು ಬೈ."

ಬೈಯಲಿಲ್ಲ ಪುಟ್ಟಿ. ಮೂಗು ಸೀಟಿದ ಸದ್ದು ಕೇಳಿಸಿತು. "ಮಂಗಳವಾರ ಅಲ್ವಾ ನಿನ್ನ ಸಂದರ್ಶನ? ಅದು ಮುಗೀಲಿ. ಬುಧವಾರ ಬರಿ. ಅಲ್ಲಿ ತನಕ ನಾನು ಹೇಗೋ ತಡಕೋತೀನಿ," ಅಂದಳು.

ತಡಕೊಳ್ಳೋಕೆ ಯಾರು ಇವಳು? ನನ್ನ ತಪ್ಪನ್ನ ತಲೆ ಮೇಲೆ ಹೊತ್ತುಕೊಂಡು ಆ ಕಮಿಟಿಯ ಮುಂದೆ ಇನ್ನೂ ಸುಳ್ಳಿಗೆ ನಿಲ್ತಾಳಂತೆ! ಇವಳ ಹತ್ರ ಭಿಕ್ಷೆ ಕೇಳಿದ್ನಾ ನಾನು? ಸಿಟ್ಟಿಗೆ ಊಟ ಸೇರಲಿಲ್ಲ.

ಫೆಬ್ರವರಿ ೨೩, ಭಾನುವಾರ

ಬೆಳಿಗ್ಗೆ ಆಫೀಸಿಗೆ ಹೋಗಿ ಸಂದೇಶ ವಾಪಸ್ ತಗೊಂಡೆ. ಜ್ವಾಲೆ ಇರಲಿಲ್ಲ, ತಪ್ಪು ಹೀಗಾಯಿತು, ಹತ್ತೊಂಬತ್ತರಂದೇ ನನಗೆ ತಿಳಿದಿತ್ತು, ಎಲ್ಲ ಬರೆದೆ. ಇದನ್ನು ನಂಬಿ ಉಪಗ್ರಹ ತಿರುಗಿಸಿದವರದ್ದು ಏನೂ ತಪ್ಪಿಲ್ಲ ಅಂತ ಒಂದು ಸಾಲು ಸೇರಿಸಿದೆ. ಅಂಥ ಸಾಲು ಯಾರೂ ಬರೆಯಲ್ಲ. ನಾನು ಬರೆದೆ, ಏನೀಗ?

ಫೆಬ್ರವರಿ ೨೪, ಸೋಮವಾರ

ಶಾಂತಮೂರ್ತಿಗಳ ಶಾಂತಿ ಇವತ್ತು ಕೆಟ್ಟಿತು. "ಎರಡು ದಿನ ಕಾಯೋಕಾಗ್ಲಿಲ್ವೇನ್ರಿ ನಿಮಗೆ? ಸಂಸ್ಥೆಯ ಮರ್ಯಾದೆ ಮೂರಾಬಟ್ಟೆ ಮಾಡಿದ್ರಲ್ಲ!" ಕಾರಿಡಾರಿನಲ್ಲಿ ನಿಂತೇ ಕೂಗಿದರು. ಎಲ್ಲರ ಬಾಗಿಲೂ ಅರ್ಧ ತೆರೆಯಿತು. "ನಿಮ್ಮ ಹೆಸರು ಹಾಕಿಲ್ಲವಲ್ಲ ಸರ್, ಖುಷಿಪಡಿ," ಅಂದೆ. ತೆರೆದ ಬಾಗಿಲೊಂದರಿಂದ ಯಾರೋ ನಕ್ಕರು. ನನಗೆ ನಗು ಬರಲಿಲ್ಲ.

ಫೆಬ್ರವರಿ ೨೫, ಮಂಗಳವಾರ

ಎಲ್ಲ ಹಾಳು ಮಾಡಿಕೊಂಡು ಬಂದೆ.

ಶುರು ಚೆನ್ನಾಗೇ ಇತ್ತು. ಉದ್ದ ಮೇಜು, ಆಚೆ ಐದು ಜನ, ಮಧ್ಯದಲ್ಲಿ ಹೊರಗಿನಿಂದ ಬಂದ ಬಿಳಿಗಡ್ಡದ ಹಿರಿಯರು. ತಪ್ಪಿನ ಬಗ್ಗೆ ಕೇಳಿದರು, ಹೇಳಿದೆ. ಮಂಕಾಗಿದ್ದ ನಕ್ಷತ್ರವೇ ಒಂದು ಒಳ್ಳೆ ವಿಷಯ ಅಲ್ವಾ ಅಂದರು, ಹೌದು ಅಂದೆ. ಅವರ ಮುಖ ನೋಡಿದರೆ ಇನ್ನೂ ಆಸೆ ಇತ್ತು. ಆಮೇಲೆ ಬಿಳಿಗಡ್ಡದವರು ಬಹಳ ಮರ್ಯಾದೆಯಿಂದ, "ನೋಡೀಮ್ಮಾ, ತಪ್ಪು ಪೂರ್ತಿ ನಿಮ್ಮೊಬ್ಬರದೇ ಅಂತ ನಾವು ನೋಡ್ತಿಲ್ಲ. ಉಪಗ್ರಹ ತಿರುಗಿಸಿದವರು ಸ್ವಲ್ಪ ದುಡುಕಿದರು ಅನಿಸಲ್ವಾ? ಗಾಮಾದಲ್ಲಿ ಏನೂ ಇಲ್ಲದಿದ್ದಾಗ ಅವರೇ ತಡೀಬೇಕಿತ್ತು," ಅಂದರು.

ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಎದುರಿಗೆ ಶಾಂತಮೂರ್ತಿಗಳೂ ಕಣ್ಣಲ್ಲೇ ಹೂಂ ಅನ್ನು ಅಂತಿದ್ದರು.

ಎದ್ದು ನಿಂತುಬಿಟ್ಟೆ. "ಅವಳು ದುಡುಕಲಿಲ್ಲ ಸರ್. ನಂಬಿದಳು. ನಂಬೋವಂಥ ಅಳತೆ ಕೊಡಬೇಕಾದೋಳು ನಾನು. ಅವಳ ಕೆಲಸದ ಬಗ್ಗೆ ಮಾತಾಡೋ ಯೋಗ್ಯತೆ ಈ ಮೇಜಿನ ಆಚೆ ಕೂತೋರಲ್ಲಿ ಎಷ್ಟು ಜನಕ್ಕಿದೆ ನನಗೆ ಗೊತ್ತಿಲ್ಲ. ಕೇಳೋದೆಲ್ಲ ನನ್ನನ್ನ ಕೇಳಿ," ಅಂದೆ. ಧ್ವನಿ ಕಾರಿಡಾರಿನ ತನಕ ಹೋಗಿರಬೇಕು. ಬಿಳಿಗಡ್ಡದವರು ನನ್ನ ಕಡತ ಮುಚ್ಚಿ ಪಕ್ಕಕ್ಕಿಟ್ಟರು.

ಯಾಕೆ ಹಾಗೆ ಬಾಯಿ ಹೋಯಿತೋ. ಬೆಳಿಗ್ಗೆ ಏನೂ ತಿಂದಿರಲಿಲ್ಲ, ಖಾಲಿ ಹೊಟ್ಟೆಗೆ ಪಿತ್ತ ಏರಿರಬೇಕು.

ಮಾರ್ಚ್ ೭, ಶುಕ್ರವಾರ

ಹುದ್ದೆ ಬೇರೆಯವರಿಗೆ. ಹಾಳಾಗಿ ಹೋಗಲಿ. ಬಸ್ಸಿನಲ್ಲಿ ನಿಂತುಕೊಂಡೇ ಅತ್ತೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಸೀಟು ಕೊಟ್ಟಳು, ಅದಕ್ಕೂ ಸಿಟ್ಟು ಬಂತು.

ಮಾರ್ಚ್ ೯, ಭಾನುವಾರ

ಹೇಳದೆ ಕೇಳದೆ ಪುಟ್ಟಿ ಬಂದು ಬಾಗಿಲಲ್ಲಿ ನಿಂತಳು. ಲಿಫ್ಟ್ ಇವತ್ತೂ ಇಲ್ಲ, ಕೆಂಪಗಾಗಿದ್ದಳು. ಎಷ್ಟು ಸೊರಗಿದ್ದಾಳೆ! ಆ ಸಂಸ್ಥೆಯಲ್ಲಿ ಊಟಕ್ಕೆ ಬಿಡ್ತಾರೋ ಇಲ್ಲವೋ. ಕೂದಲು ನೋಡು, ಎಣ್ಣೆ ಕಂಡು ತಿಂಗಳಾಗಿರಬೇಕು. ಬಂದ ತಕ್ಷಣ ಚೆನ್ನಾಗಿ ಬೈದೆ. ಅಮ್ಮ ಅಡುಗೆಮನೆಯಿಂದ, "ಒಳಗಾದ್ರೂ ಕರಿಯೇ ಅವಳನ್ನ, ಆಮೇಲೆ ಬೈಯುವೆಯಂತೆ," ಅಂದಳು.

ನನ್ನ ವಾಪಸಾತಿ ಸಂದೇಶ ಓದಿ ಕಮಿಟಿ ಅವಳನ್ನು ಬಿಟ್ಟಿದೆ. ಬರೋ ವರ್ಷದ ಸರದಿ ಕಿತ್ತುಕೊಂಡಿಲ್ಲ, ಅವರ ವರ್ಷ ಏಪ್ರಿಲ್ ಒಂದರಿಂದ ಶುರು. ಆದರೆ ಒಂದು ಹೊಸ ಷರತ್ತು ಹಾಕಿದ್ದಾರೆ. ಇನ್ನು ಮುಂದೆ ಉಪಗ್ರಹ ತಿರುಗಿಸೋ ಮುಂಚೆ, ಕಣ್ಣಿಗೆ ಕಾಣೋ ಬೆಳಕಿನಲ್ಲಿ ಅಳೆದು ಹೌದು ಅಂತ ಹೇಳೋ ಒಬ್ಬರನ್ನ ಮೊದಲೇ ಹೆಸರಿಸಬೇಕು. ಅವರು ಹೂಂ ಅನ್ನೋ ತನಕ ಉಪಗ್ರಹ ಅಲುಗಾಡಲ್ಲ.

"ಯಾರ ಹೆಸರು ಕೊಟ್ಟೆ?"

"ನಿಂದು."

ಅವಳಿಗೆ ಮೊಟ್ಟೆ ಹುರೀತಿದ್ದೆ, ಬಾಣಲೆಯನ್ನ ಒಲೆ ಮೇಲೆ ಕುಕ್ಕಿದೆ. "ತಲೆ ನೆಟ್ಟಗಿದ್ಯಾ ನಿಂದು? ಒಂದ್ಸಲ ನಂಬಿ ಹಾಳಾಗಿದ್ದು ಸಾಲದಾ? ಊರಿಗೆಲ್ಲ ನಗೆಪಾಟಲಾಗಿರೋ ಹೆಸರೇ ಬೇಕಿತ್ತಾ ನಿನಗೆ?"

"ಅವರೂ ಅದನ್ನೇ ಕೇಳಿದ್ರು."

"ನೀನೇನಂದೆ?"

"ತಪ್ಪಾದಾಗ ಹುದ್ದೆ ಹೋದರೂ ಹೇಳ್ತಾಳೆ ಅಂದೆ. ಅಂಥೋರು ಇನ್ನೊಬ್ಬರಿದ್ರೆ ಅವರ ಹೆಸರು ಕೊಡಿ, ಅದನ್ನೇ ಬರೀತೀನಿ ಅಂದೆ. ಯಾರೂ ಕೊಡಲಿಲ್ಲ."

"ಜೂನ್ ಆದಮೇಲೆ ನನಗೆ ಟೆಲಿಸ್ಕೋಪೇ ಇರಲ್ಲ ಕಣೇ."

"ಜೂನ್ ತನಕ ಇದ್ಯಲ್ಲ."

ಇವಳ ಜತೆ ವಾದ ಮಾಡಿ ಗೆದ್ದೋರು ಯಾರಿದ್ದಾರೆ? ಸಿಟ್ಟು ನೆತ್ತಿಗೇರಿತ್ತು. ಅವಳ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದೆ. ಸಾಕು ಅಕ್ಕ ಅಂದಳು. ಬಾಯಿ ಮುಚ್ಚಿಕೊಂಡು ತಿನ್ನು ಅಂದೆ.